ಏರು ರಸ್ತೆಯ ಊರಲ್ಲಿ ಓಟದ ಬಳಗ ಕಟ್ಟುವವರಿಗೆ

ನೀವು ವರ್ಷಗಟ್ಟಲೆ ಓಡಿದ್ದೀರಿ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಗೋಣಿಕೊಪ್ಪದಲ್ಲೋ ಬೆಳಿಗ್ಗೆ ಹಾಲು ತರಲು ಬಂದವರೆಲ್ಲ ನಿಮ್ಮನ್ನು ನೋಡಿದ್ದಾರೆ. ಈಗ ಒಬ್ಬೊಬ್ಬರೇ ಕೇಳತೊಡಗಿದ್ದಾರೆ. "ಅಂಕಲ್, ನಾನೂ ಬರ್ಲಾ?" "ಸಾರ್, ನನ್ನ ಮಗಳಿಗೆ ಸ್ವಲ್ಪ ಹೇಳಿಕೊಡ್ತೀರಾ?" ಹಾಗೆ ಕೇಳಿಸಿಕೊಂಡವರಿಗಾಗಿ ಈ ಬರಹ.

ಕೊಡಗಿನಲ್ಲಿ ಆಟದ ಹುಚ್ಚಿಗೆ ಬರವಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಹಿರಿಯರು, ಹೆಂಗಸರು, ಶಾಲೆ ಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ. ವೇಗದ ಓಟ ಅಂದ ಕೂಡಲೇ ಅಶ್ವಿನಿ ನಾಚಪ್ಪ ನೆನಪಾಗುತ್ತಾರೆ. ದೂರದ ಓಟಕ್ಕೆ ಮಾತ್ರ ಕೈಹಿಡಿದು ಹೇಳಿಕೊಡುವವರು ಊರಿಗೊಬ್ಬರು ಸಿಕ್ಕರೆ ಪುಣ್ಯ. ಅದಕ್ಕೇ ನಿಮ್ಮ ಅನುಭವ ನಿಮ್ಮ ಜೊತೆಗೇ ಮುಗಿಯಬಾರದು.

ಶುರುವಿನಲ್ಲೇ ಒಂದು ಮಾತು. ಹಿರಿಯ ಓಟಗಾರ ಇರಬೇಕಾದ ಜಾಗ ಗುಂಪಿನ ಕೊನೆ. ಎಲ್ಲರಿಗಿಂತ ನಿಧಾನ ಓಡುವವರ ಹಿಂದೆ. ಮುಂದೆ ಓಡುವವರು ಹೇಗಾದರೂ ಓಡುತ್ತಾರೆ, ಅವರಿಗೆ ನೀವು ಬೇಕಾಗಿಲ್ಲ. ಬಳಗ ಉಳಿಯುವುದೂ ಒಡೆಯುವುದೂ ಕೊನೆಯಲ್ಲಿ ಓಡುವವರು ಮುಂದಿನ ವಾರ ಬರುತ್ತಾರಾ ಇಲ್ಲವಾ ಅನ್ನುವುದರ ಮೇಲೆ. ಮುಂದೆ ಹೇಳುವುದೆಲ್ಲ ಇದರಿಂದಲೇ ಬರುತ್ತದೆ.

ಮೊದಲ ದಿನ ಓಡಿಸಬೇಡಿ, ಮಾತಾಡಿಸಿ

ಹೊಸಬರನ್ನು ಪಕ್ಕಕ್ಕೆ ಕರೆದು ಕೂರಿಸಿ. ಎಲ್ಲರ ಮುಂದೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಬಿ.ಪಿ., ಶುಗರ್ ಇದೆಯಾ? ಮನೆಯ ಏರು ಹತ್ತುವಾಗ ಎದೆ ಹಿಡಿದಂತೆ ಆಗುತ್ತದಾ? ಯಾವಾಗಲಾದರೂ ತಲೆ ಸುತ್ತಿ ಬಿದ್ದಿದ್ದೀರಾ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆಯಿಂದ ಹಠಾತ್ತನೆ ಹೋದದ್ದುಂಟಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಡಾಕ್ಟರ್ ನೋಡಿ ಸರಿ ಅನ್ನುವವರೆಗೆ ಬರೀ ನಡಿಗೆ. ನಲವತ್ತು ದಾಟಿ, ಇಷ್ಟು ದಿನ ಮೈ ಆಡಿಸದೆ ಇದ್ದವರಿಗೂ ಅಷ್ಟೇ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಬಿಟ್ಟುಕೊಡಬೇಡಿ.

ಒಂದು ಸಣ್ಣ ನೋಟ್‌ಬುಕ್ ಇಡಿ. ಹೆಸರು, ಮನೆಯವರ ಫೋನ್ ನಂಬರ್, ರಕ್ತದ ಗುಂಪು, ದಿನಾ ತೆಗೆದುಕೊಳ್ಳುವ ಮಾತ್ರೆ. ಇಷ್ಟು ಸಾಕು.

ಜಾಗ, ಹೊತ್ತು, ಆನೆ

ನಮ್ಮಲ್ಲಿ ಸಮತಟ್ಟು ಜಾಗ ಹುಡುಕುವುದೇ ಅರ್ಧ ಕೆಲಸ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸುಮಾರು 30 ಕಿ.ಮೀ. ಆಚೆ ಇರುವ ಕುಶಾಲನಗರ ಅದಕ್ಕಿಂತ 300 ಮೀಟರಿನಷ್ಟು ಕೆಳಗಿದೆ. ಹಾಗಾಗಿ ಕುಶಾಲನಗರ, ಕೂಡಿಗೆ ಕಡೆಯವರಿಗೆ ಗದ್ದೆ ಬದಿಯ ಸಮ ರಸ್ತೆ ಸಿಗುತ್ತದೆ. ಮಡಿಕೇರಿಯವರಿಗೆ ಕ್ರೀಡಾಂಗಣ, ಕಾಲೇಜು ಮೈದಾನವೇ ಗತಿ. ಹಳ್ಳಿಯಲ್ಲಾದರೆ ಶಾಲೆ ಮೈದಾನ. ಇನ್ನೊಂದು ಒಳ್ಳೆ ಜಾಗ ನಮ್ಮ ಕಣ್ಣೆದುರೇ ಇದೆ: ಕಾಫಿ ಕಣ. ಮಳೆ ಮುಗಿದು ಕುಯ್ಲು ಶುರುವಾಗುವವರೆಗೆ ಖಾಲಿ ಬಿದ್ದಿರುತ್ತದೆ. ತೋಟದವರನ್ನು ಕೇಳಿಕೊಂಡರೆ ಕಾಲು ಸಡಿಲ ಮಾಡುವ ವ್ಯಾಯಾಮಕ್ಕೆ ಅದಕ್ಕಿಂತ ಚೆನ್ನಾದ ಜಾಗ ಇಲ್ಲ. ಗಟ್ಟಿ ಸಿಮೆಂಟು ನೆಲ ಅಲ್ವಾ, ಅಲ್ಲಿ ತುಂಬ ಹೊತ್ತು ಓಡಿಸಬೇಡಿ.

ಹೊತ್ತಿನ ವಿಷಯದಲ್ಲಿ ಹಟ ಬೇಡ. ಬಯಲುಸೀಮೆಯ ಓಟಗಾರರು ಬೆಳಿಗ್ಗೆ ನಾಲ್ಕೂವರೆಗೇ ಹೊರಡುತ್ತಾರೆ ಅಂತ ನಾವೂ ಹಾಗೇ ಮಾಡಬೇಕಿಲ್ಲ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ತಿತಿಮತಿ, ಸುಂಟಿಕೊಪ್ಪ ಕಡೆ ತೋಟದೊಳಗೇ ಆನೆ ಇರುತ್ತದೆ. ಹಗಲು ತೋಟದ ನೆರಳಲ್ಲಿ ನಿಂತು, ಕತ್ತಲಾದ ಮೇಲೆ ಓಡಾಡಿ, ಬೆಳಗಿನ ಜಾವ ವಾಪಸ್ ರಸ್ತೆ ದಾಟುತ್ತದೆ. ಹಲಸು ಹಣ್ಣಾಗುವ ಕಾಲದಲ್ಲಿ, ಭತ್ತ ತೆನೆ ಬಿಡುವಾಗ ಓಡಾಟ ಇನ್ನೂ ಜಾಸ್ತಿ. ಅದಕ್ಕೆ ಬಳಗದ ನಿಯಮ ಹೀಗಿರಲಿ: ಪೂರ್ತಿ ಬೆಳಕು ಹರಿಯದೆ ತೋಟದ ರಸ್ತೆಗೆ ಕಾಲಿಡುವುದಿಲ್ಲ. ಕಿವಿಗೆ ಇಯರ್‌ಫೋನ್ ಇಲ್ಲ. ಹಿಂದಿನ ಸಂಜೆಯೇ ತೋಟದ ಲೆಕ್ಕ ನೋಡುವ ರೈಟರನ್ನೋ ಲೈನ್ ಮನೆಯಲ್ಲಿರುವ ಕೆಲಸದವರನ್ನೋ ಕೇಳುವುದು. ಆನೆ ಎಲ್ಲಿದೆ ಅಂತ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ದಾರಿಯಲ್ಲಿ ಹಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೆ ಅಲ್ಲಿಂದಲೇ ವಾಪಸ್. ಆನೆಯೇ ಕಂಡರೆ ಫೋಟೋ ತೆಗೆಯುತ್ತ ನಿಲ್ಲಬೇಡಿ, ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಿ ಅರಣ್ಯ ಇಲಾಖೆಗೆ ತಿಳಿಸಿ. ನಾಗರಹೊಳೆ ಅಂಚಿನ ಊರುಗಳಲ್ಲಿ ಹುಲಿ ಸುದ್ದಿ ಇದ್ದ ವಾರ ಮೈದಾನ ಬಿಟ್ಟು ಆಚೆ ಹೋಗುವುದೇ ಬೇಡ.

ರಸ್ತೆ ಮೇಲೆ ಬಲಗಡೆ, ಎದುರು ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು. ಆದರೆ ಘಟ್ಟದ ರಸ್ತೆಯಲ್ಲಿ ಇದಕ್ಕೊಂದು ವಿನಾಯಿತಿ ಇದೆ. ರಸ್ತೆ ಬಲಕ್ಕೆ ತಿರುಗುವ ಕಡೆ ಒಳಮೈಗೆ ಅಂಟಿಕೊಂಡು ಓಡಿದರೆ ಇಳಿದು ಬರುವ ಜೀಪಿಗೆ ನೀವು ಕಾಣುವುದೇ ಇಲ್ಲ. ಅಂಥ ತಿರುವಿಗೆ ಸಾಕಷ್ಟು ಮುಂಚೆಯೇ ನಿಂತು, ನೋಡಿ, ಎಡಕ್ಕೆ ದಾಟಿ. ತಿರುವು ಮುಗಿದ ಮೇಲೆ ಮತ್ತೆ ಬಲಕ್ಕೆ ಬನ್ನಿ. ಮಂಜು ಬಿದ್ದ ದಿನ ಹೊಳೆಯುವ ಬಟ್ಟೆ ಹಾಕಿಕೊಳ್ಳಿ. ಕೊನೆಯವರ ಬೆನ್ನಿಗೆ ಮಿನುಗುವ ಕೆಂಪು ಲೈಟ್ ಇರಲಿ. ಶನಿವಾರ, ಭಾನುವಾರ ಪ್ರವಾಸಿಗರ ಕಾರು ಜಾಸ್ತಿ, ಆ ದಿನ ಹೆದ್ದಾರಿ ಬೇಡ. ನೂರು ವರ್ಷದ ಫೌಜಾ ಸಿಂಗ್ 2011ರಲ್ಲಿ ಟೊರಾಂಟೊದಲ್ಲಿ ಪೂರ್ತಿ ಮ್ಯಾರಥಾನ್ ಓಡಿದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಂಥವರು 2025ರ ಜುಲೈನಲ್ಲಿ ತಮ್ಮ ಊರಿನ ರಸ್ತೆಯಲ್ಲೇ ವಾಹನ ಡಿಕ್ಕಿ ಹೊಡೆದು ತೀರಿಕೊಂಡರು. ಇದನ್ನು ಬಳಗದ ಹುಡುಗರಿಗೆ ಹೇಳಿ. ರಸ್ತೆಯನ್ನು ಹಗುರವಾಗಿ ತೆಗೆದುಕೊಳ್ಳುವ ವಯಸ್ಸು ಅವರದು.

ಮೊದಲ ಎಂಟು ವಾರ

ಕಿಲೋಮೀಟರ್ ಲೆಕ್ಕ ಬಿಡಿ, ನಿಮಿಷದ ಲೆಕ್ಕ ಹಿಡಿಯಿರಿ. ದಟ್ಟ ಮರಗಳ ಕೆಳಗೆ ವಾಚಿನ ಜಿಪಿಎಸ್ ಸುಮ್ನೆ ಏನೇನೋ ತೋರಿಸುತ್ತದೆ. ಅದು ಸರಿಯಾಗಿದ್ದರೂ ಏರಿನ ಒಂದು ಕಿಲೋಮೀಟರಿಗೂ ಬಯಲಿನ ಒಂದು ಕಿಲೋಮೀಟರಿಗೂ ಹೋಲಿಕೆಯೇ ಇಲ್ಲ.

ವಾರಕ್ಕೆ ಮೂರು ದಿನ ಸಾಕು: ಮಂಗಳವಾರ, ಗುರುವಾರ, ಭಾನುವಾರ. ಮೊದಲ ಎರಡು ವಾರ 1 ನಿಮಿಷ ಮೆಲ್ಲನೆ ಓಟ, 2 ನಿಮಿಷ ನಡಿಗೆ, ಹತ್ತು ಸಲ. ಮೂರು, ನಾಲ್ಕನೇ ವಾರ 2 ನಿಮಿಷ ಓಟ, 2 ನಿಮಿಷ ನಡಿಗೆ. ಐದು, ಆರನೇ ವಾರ 4 ನಿಮಿಷ ಓಟ, 1 ನಿಮಿಷ ನಡಿಗೆ. ಏಳನೇ ವಾರ 8 ನಿಮಿಷ ಓಡಿ 2 ನಿಮಿಷ ನಡೆಯುವುದು, ಮೂರು ಸಲ. ಎಂಟನೇ ವಾರದಲ್ಲಿ ಅರ್ಧ ಗಂಟೆ ಒಂದೇ ಸಮನೆ ಓಡಲು ಹೆಚ್ಚಿನವರಿಗೆ ಆಗುತ್ತದೆ. ಆಗದವರು ಏಳನೇ ವಾರವನ್ನೇ ಇನ್ನೊಮ್ಮೆ ಮಾಡಲಿ. ಇದರಲ್ಲಿ ಪಾಸು, ಫೇಲು ಇಲ್ಲ.

ವೇಗಕ್ಕೆ ಅಳತೆ ಬಾಯಿ. ಓಡುತ್ತಲೇ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ತೆಗೆದುಕೊಂಡರೆ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ. ನಾಲ್ಕನೇ ವಾರದ ಹೊತ್ತಿಗೆ ಹುಡುಗರು "ಸಾರ್, ಇದು ತುಂಬ ಸುಲಭ ಆಯ್ತು" ಅನ್ನುತ್ತಾರೆ. ಅಲ್ಲೇ ಅವರನ್ನು ಹಿಡಿಯಬೇಕು. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಮೂಳೆಗೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿಗೆ ತಿಂಗಳುಗಳೇ ಬೇಕು. ಉಸಿರು ಸಿದ್ಧವಾಗಿ ಕಾಲು ಸಿದ್ಧವಾಗದ ಆ ಹೊತ್ತಿನಲ್ಲೇ ಹೆಚ್ಚಿನ ನೋವು ಶುರುವಾಗುವುದು. ಆಮೇಲೂ ಭಾನುವಾರದ ಉದ್ದ ಓಟವನ್ನು ವಾರಕ್ಕೆ ಐದು, ಹೆಚ್ಚೆಂದರೆ ಹತ್ತು ನಿಮಿಷ ಬೆಳೆಸಿ. ನಾಲ್ಕು ವಾರಕ್ಕೊಮ್ಮೆ ಕಡಿಮೆ ಮಾಡಿ.

ಸೇನಾ ಭರ್ತಿಗೆ ತಯಾರಾಗುವ ಹುಡುಗರು ಖಂಡಿತ ಬರುತ್ತಾರೆ, ಕೊಡಗು ತಾನೇ. ಅವರಿಗೆ ಬೇಕಾದದ್ದು 1.6 ಕಿ.ಮೀ. ವೇಗದ ಓಟ. ಅದಕ್ಕೆ ಬೇರೆ ದಿನ ಇಟ್ಟುಕೊಂಡು ಮೈದಾನದಲ್ಲಿ 400 ಮೀಟರ್ ನಾಲ್ಕೈದು ಸಲ, ನಡುವೆ ಚೆನ್ನಾಗಿ ಸುಧಾರಿಸಿಕೊಂಡು ಓಡಿಸಿ. ಭಾನುವಾರ ಮಾತ್ರ ಅವರೂ ಎಲ್ಲರ ಜೊತೆ ನಿಧಾನ ಓಡಲಿ.

ಒಂದು ಸೀಟಿಯಲ್ಲಿ ಗುಂಪು ಹಿಡಿದಿಡುವುದು

ಬಳಗ ಒಡೆಯುವುದು ಸಾಮಾನ್ಯವಾಗಿ ಹೀಗೆ. ಮುಂದಿನವರು ಬೇಗ ಮುಗಿಸಿ, ಕಾಫಿ ಕುಡಿದು, ಸ್ಕೂಟರ್ ಹತ್ತಿ ಹೊರಟಿರುತ್ತಾರೆ. ಕೊನೆಯವರು ಬಂದಾಗ ಮೈದಾನ ಖಾಲಿ. ಎರಡು ವಾರ ಹಾಗಾದರೆ ಮೂರನೇ ವಾರ ಅವರು ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಿದರೆ ಮನೆಯಲ್ಲಿ ಕೆಲಸ ಇತ್ತು ಅನ್ನುತ್ತಾರೆ.

ಇದಕ್ಕೆ ಸುಲಭದ ಪರಿಹಾರ ಉಂಟು. ಎಲ್ಲರೂ ಒಟ್ಟಿಗೆ ಹೊರಡಿ. 20 ನಿಮಿಷ ಆದ ತಕ್ಷಣ ಸೀಟಿ. ಸೀಟಿ ಕೇಳಿಸದಷ್ಟು ಮುಂದೆ ಹೋಗುವವರ ಫೋನಿನಲ್ಲಿ ಅಲಾರಂ. ಯಾರು ಎಲ್ಲಿದ್ದಾರೋ ಅಲ್ಲೇ ತಿರುಗಬೇಕು. ಜೋರಾಗಿ ಓಡುವವರು ದೂರ ಹೋಗಿರುತ್ತಾರೆ, ನಿಧಾನದವರು ಹತ್ತಿರವೇ ಇರುತ್ತಾರೆ. ತಿರುಗಿದ ಕ್ಷಣ ಕೊನೆಯಲ್ಲಿದ್ದವರು ಮೊದಲಾಗುತ್ತಾರೆ. ಎಲ್ಲರೂ ಹೋದ ವೇಗದಲ್ಲೇ ವಾಪಸ್ ಬಂದರೆ ಹೊರಟ ಜಾಗಕ್ಕೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸೇರುತ್ತಾರೆ. ನಿಧಾನ ಓಡುವ ಒಬ್ಬ ಅಕ್ಕ ಮೊದಲ ಸಲ ಮುಂದೆ ಓಡಿ ಬರುವಾಗ, ಹಿಂದಿನಿಂದ ಹುಡುಗರ ಹೆಜ್ಜೆ ಸದ್ದು ಹತ್ತಿರವಾಗುತ್ತ ಬರುವಾಗ, ಅವರ ಓಟವೇ ಬದಲಾಗುತ್ತದೆ. ಅದನ್ನು ನೋಡಲಿಕ್ಕಾದರೂ ಈ ಪದ್ಧತಿ ಇಟ್ಟುಕೊಳ್ಳಿ.

ಮಡಿಕೇರಿಯವರು ಒಂದು ತಿದ್ದುಪಡಿ ಮಾಡಿಕೊಳ್ಳಬೇಕು. ಊರು ಬೆಟ್ಟದ ಮೇಲಿರುವುದರಿಂದ ಪೇಟೆಯಿಂದ ಯಾವ ಕಡೆ ಹೊರಟರೂ ಸ್ವಲ್ಪ ಹೊತ್ತಿಗೆ ಇಳಿಜಾರೇ. ವಾಪಸ್ ಬರುವುದೆಲ್ಲ ಏರು. 20 ನಿಮಿಷದ ಬದಲು 15ಕ್ಕೇ ಸೀಟಿ ಊದಿ. ಇಲ್ಲದಿದ್ದರೆ ಹೊಸಬರು ಏರಿನ ನಡುವೆ ಸುಸ್ತಾಗಿ ನಿಲ್ಲುತ್ತಾರೆ.

ಏರು ಮತ್ತು ಇಳಿಜಾರು

ಎಂಟು ವಾರ ಮುಗಿದ ಮೇಲೆ ಏರು. ಹತ್ತುವಾಗ ಹೆಜ್ಜೆ ಚಿಕ್ಕದಾಗಲಿ, ಕೈ ಬೀಸು ಬಿಡಬೇಡಿ, ಕಣ್ಣು ಹತ್ತು ಮೀಟರ್ ಮುಂದಿರಲಿ. ಉಸಿರು ಕಟ್ಟಿದರೆ ನಡೆಯಿರಿ. ಕಡಿದಾದ ಏರಿನಲ್ಲಿ ಜೋರಾಗಿ ನಡೆಯುವವರಿಗೂ ಮೆಲ್ಲನೆ ಓಡುವವರಿಗೂ ಹೆಚ್ಚು ಅಂತರ ಇರುವುದಿಲ್ಲ. ನೀವೇ ಮೊದಲು ನಡೆದು ತೋರಿಸಿ. ಕೋಚ್ ನಡೆದರೆ ಉಳಿದವರಿಗೆ ನಾಚಿಕೆ ಹೋಗುತ್ತದೆ.

ಏರಿಗೆ ಎಲ್ಲರೂ ಹೆದರುತ್ತಾರೆ. ಕಾಲು ಕೆಡುವುದು ಮಾತ್ರ ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಎಳೆಯುತ್ತಲೇ ಮೈಭಾರ ತಡೆಯಬೇಕಾಗುತ್ತದೆ. ಅದಕ್ಕೇ ನೋವು ಆ ದಿನ ಗೊತ್ತಾಗುವುದಿಲ್ಲ, ಮಾರನೇ ದಿನ, ಅದರ ಮಾರನೇ ದಿನ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ಹೊಸಬರು ಹೆದರಿ ಮೈ ಹಿಂದಕ್ಕೆ ವಾಲಿಸಿ, ಕಾಲು ಮುಂದೆ ಚಾಚಿ, ಹಿಮ್ಮಡಿ ಊರಿ ಬ್ರೇಕ್ ಹಾಕುತ್ತಾರೆ. ಆ ಪೆಟ್ಟೆಲ್ಲ ಮಂಡಿಗೆ. ಪಾದ ಸೊಂಟದ ಕೆಳಗೇ ಬೀಳಬೇಕು, ಹೆಜ್ಜೆ ಚಿಕ್ಕದು ಮತ್ತು ಚುರುಕು, ಮಂಡಿ ಸ್ವಲ್ಪ ಬಾಗಿಯೇ ಇರಬೇಕು, ಮೈ ರಸ್ತೆಯ ಜೊತೆ ತುಸು ಮುಂದಕ್ಕೆ. ಮೊದಲು ನೂರು ಮೀಟರಿನ ಸಣ್ಣ ಇಳಿಜಾರಿನಲ್ಲಿ ನಾಲ್ಕು ಸಲ, ಅಷ್ಟೇ. ಎರಡು ವಾರ ಆದ ಮೇಲೆ ಉದ್ದ ಮಾಡಿ.

ಕೊನೆಯಲ್ಲಿ ಓಡಿದರೆ ಏನು ಲಾಭ ಅನ್ನುವುದು ಇಲ್ಲೇ ಗೊತ್ತಾಗುವುದು. ಹಿಂದಿನಿಂದ ಪಾದದ ಸದ್ದು ಕೇಳುತ್ತದೆ. ಚೆನ್ನಾಗಿ ಇಳಿಯುವವರ ಸದ್ದು ಮೆತ್ತಗೆ, ಎರಡೂ ಕಾಲಿಗೆ ಒಂದೇ ಥರ. ಬ್ರೇಕ್ ಹಾಕುವವರದು ಚಟ್ ಚಟ್ ಅನ್ನುತ್ತದೆ. ನಮ್ಮ ಬಳಗದ ಒಬ್ಬ ಹುಡುಗನ ಎಡಗಾಲು ಮೆತ್ತಗೆ, ಬಲಗಾಲು ಜೋರಾಗಿ ಬೀಳುತ್ತಿತ್ತು. ಕೇಳಿದರೆ "ಏನಿಲ್ಲ ಸಾರ್" ಅಂದ. ನಿಲ್ಲಿಸಿ ಎಡಗಾಲಿನ ಕಣಕಾಲ ಮೂಳೆ ಮೇಲೆ ಬೆರಳಿಟ್ಟು ಒತ್ತಿ ನೋಡಿಕೋ ಅಂದೆ. ಒಂದೇ ಜಾಗದಲ್ಲಿ ಮುಟ್ಟಲಾಗದಷ್ಟು ನೋವು. ಆ ಕಾಲನ್ನು ಉಳಿಸಿಕೊಳ್ಳಲು ಬಲಗಾಲಿಗೆ ಭಾರ ಹಾಕುತ್ತಿದ್ದ. ಇದನ್ನು ನೆನಪಿಡಿ: ಕಣಕಾಲ ಉದ್ದಕ್ಕೂ ಹರಡಿದ ನೋವಾದರೆ ಓಟ ಕಡಿಮೆ ಮಾಡಿ ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಬೆರಳ ತುದಿಯಷ್ಟು ಜಾಗದಲ್ಲಿ ಚುಚ್ಚುವ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಜೀವ ಹೋಗುವಂಥದ್ದು ಮೂಳೆಯ ಬಿರುಕಿರಬಹುದು. ಓಟ ಅವತ್ತೇ ನಿಲ್ಲಬೇಕು, ಡಾಕ್ಟರ್ ಹತ್ತಿರ ಕಳಿಸಬೇಕು.

ಹೆಂಗಸರು ಬರುವಂತಾಗಬೇಕಾದರೆ

ಹೊತ್ತು ಅವರನ್ನು ಕೇಳಿ ಇಡಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಅಡಿಗೆ, ಮಕ್ಕಳ ಶಾಲೆ ಬಸ್ಸು. ಕುಯ್ಲಿನ ಕಾಲದಲ್ಲಿ ತೋಟದ ಕೆಲಸವೂ ಸೇರುತ್ತದೆ. ಸಂಜೆ ನಾಲ್ಕೂವರೆ ಕೆಲವರಿಗೆ ಅನುಕೂಲ. ಹೊರಡುವ ಜಾಗದಲ್ಲಿ ಬೀಗ ತೆಗೆದ ಶೌಚಾಲಯ ಇರಲಿ, ಇದನ್ನು ಗಂಡಸರು ಯೋಚಿಸುವುದೇ ಇಲ್ಲ. ಮೈ ತೂಕದ ಮಾತು ಯಾರೂ ಎತ್ತಬಾರದು. ಓಡುವ ಭಂಗಿ ತಿದ್ದುವಾಗ ನೀವು ಮಾಡಿ ತೋರಿಸಿ, ಮೈ ಮುಟ್ಟಿ ತಿದ್ದಬೇಡಿ. ಚೂಡಿದಾರದಲ್ಲಿ ಓಡುತ್ತೇನೆ ಅಂದರೆ ಓಡಲಿ, ದುಪಟ್ಟಾ ಕಾಲಿಗೆ ಸಿಗದಂತೆ ಕಟ್ಟಿಕೊಂಡರೆ ಆಯಿತು.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್. ಅನೇಕ ಬಳಗಗಳು ಜುಲೈನಲ್ಲಿ ಕರಗಿ ಹೋಗುತ್ತವೆ. ಸಣ್ಣ ಮಳೆಯಲ್ಲಿ ಓಡಬಹುದು. ಆದರೆ ರೆಡ್, ಆರೆಂಜ್ ಅಲರ್ಟ್ ಇರುವ ದಿನ ಯಾರೂ ಮನೆ ಬಿಡಬಾರದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದ್ದನ್ನು ಕಂಡವರು ನಾವು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಒಳಗೇ ಇರಿ.

ಓಡಲಾಗದ ದಿನ ಶಾಲೆಯ ಜಗಲಿ ಸಾಕು. ಕುರ್ಚಿಯಲ್ಲಿ ಕೂತಂತೆ ಬಗ್ಗಿ ಏಳುವುದು, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಹದಿನೈದರಂತೆ ಮೂರು ಸುತ್ತು, ವಾರಕ್ಕೆ ಎರಡು ದಿನ. ಮಳೆಗಾಲದಲ್ಲಿ ಇದನ್ನು ಬಿಡದೆ ಮಾಡಿದವರು ಅಕ್ಟೋಬರಿನಲ್ಲಿ ಇಳಿಜಾರನ್ನು ಎಷ್ಟು ಚೆನ್ನಾಗಿ ಇಳಿಯುತ್ತಾರೆ ಅಂತ ನೀವೇ ನೋಡುತ್ತೀರಿ.

ರಸ್ತೆ ಅಂಚಿನ ಪಾಚಿ ಮೇಲೆ ಕಾಲಿಡಬೇಡಿ. ನೆನೆದ ಶೂ ಒಳಗೆ ಹಳೇ ಪೇಪರ್ ತುರುಕಿಡಿ. ಒಲೆ ಬದಿಯಲ್ಲಿಟ್ಟರೆ ಅಂಟು ಬಿಡುತ್ತದೆ. ಜಿಗಣೆ ಹಿಡಿದರೆ ಎಳೆದು ಕೀಳಬೇಡಿ, ಉಗುರಿನಿಂದ ಮೆಲ್ಲನೆ ಜಾರಿಸಿ. ಆಗಸ್ಟ್ ಮೊದಲ ವಾರ, ಕೊಡವ ತಿಂಗಳು ಕಕ್ಕಡದ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುವಾಗ ಬಳಗವನ್ನು ಮನೆಗೆ ಕರೆಯಿರಿ. ಓಟ ಇಲ್ಲದ ವಾರದಲ್ಲೂ ಮುಖ ನೋಡಿಕೊಂಡವರು ಮಳೆ ನಿಂತ ಮೇಲೆ ವಾಪಸ್ ಬರುತ್ತಾರೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದ ಓಟದ ಹಿಂದಿನ ರಾತ್ರಿ ಅಕ್ಕಿಯ ಉಂಡೆ ಕಡಂಬುಟ್ಟು ಸರಿ, ಜೊತೆಗೆ ಪಂದಿ ಕರಿ (ಹಂದಿ ಮಾಂಸದ ಸಾರು) ಬೇಡ. ಬೆಳಿಗ್ಗೆ ಒಂದು ಬಾಳೆಹಣ್ಣು, ಬೆಲ್ಲದ ಕಾಫಿ. ನೀರು ಬಾಯಾರಿದಷ್ಟು. ಹೊಟ್ಟೆ ಉಬ್ಬುವಷ್ಟು ಕುಡಿಯುವುದೂ ಅಪಾಯ.

ನಿಮ್ಮ ಮೈ

ಬೇರೆಯವರ ಕಾಲು ನೋಡಿಕೊಳ್ಳುತ್ತ ನಿಮ್ಮದನ್ನು ಮರೆಯಬೇಡಿ. ವಯಸ್ಸಾದಂತೆ ಓಡುವ ಶಕ್ತಿ ಕುಂದುತ್ತದೆ, ಆದರೆ ಬಿಡದೆ ಓಡಿದವರಲ್ಲಿ ಆ ಕುಂದು ತುಂಬ ನಿಧಾನ. ಕೆನಡಾದ ಎಡ್ ವಿಟ್‌ಲಾಕ್ ಎಪ್ಪತ್ತು ದಾಟಿದ ಮೇಲೆ 2003ರಲ್ಲಿ ಮ್ಯಾರಥಾನನ್ನು 2 ಗಂಟೆ 59 ನಿಮಿಷದಲ್ಲಿ ಓಡಿದರು. ಮಾರನೇ ವರ್ಷ, 73ರಲ್ಲಿ, 2 ಗಂಟೆ 54 ನಿಮಿಷ. ಅವರ ಅಭ್ಯಾಸ ಮನೆ ಹತ್ತಿರದ ಸ್ಮಶಾನದೊಳಗೆ ಗಂಟೆಗಟ್ಟಲೆ ನಿಧಾನ ಸುತ್ತು. ನಿಮಗೂ ನಿಧಾನವೇ ಮದ್ದು, ಕೊನೆಯಲ್ಲಿ ಓಡುವುದರಿಂದ ಅದು ತಾನಾಗಿ ಸಿಗುತ್ತದೆ. ಜೋರು ಓಟ ವಾರಕ್ಕೆ ಒಂದೇ ಸಲ, ಅದಾದ ಮೇಲೆ ಎರಡು ದಿನ ಹಗುರ. ಸ್ನಾಯು ಕರಗದಂತೆ ಜಗಲಿಯ ವ್ಯಾಯಾಮ ವರ್ಷಪೂರ್ತಿ.

ಎದೆ ಒತ್ತುವ ಕೌಶಲವನ್ನು ನೀವೂ, ಬಳಗದ ಇನ್ನಿಬ್ಬರೂ ತರಬೇತಿ ಇರುವವರಿಂದ ಕಲಿಯಿರಿ. ಯಾರಾದರೂ ಬಿದ್ದು, ಕರೆದರೆ ಮಾತಾಡದೆ, ಉಸಿರೂ ಇಲ್ಲದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ. ಆಳಕ್ಕೆ ಒತ್ತಬೇಕು. ನಮ್ಮ ಕಣಿವೆಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಯಾವ ತಿರುವಿನಲ್ಲಿ ಸಿಗ್ನಲ್ ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಓಟದ ಸ್ಪರ್ಧೆಗೆ ಹೋಗುವಾಗ

ಆರು ತಿಂಗಳಾದ ಮೇಲೆ 10 ಕಿ.ಮೀ. ಓಟಕ್ಕೆ ಹೆಸರು ಕೊಡಿಸಿ. 21 ಕಿ.ಮೀ. ಅರ್ಧ ಮ್ಯಾರಥಾನಿಗೆ ಅದರ ಮೇಲೆ ಇನ್ನೂ ನಾಲ್ಕೈದು ತಿಂಗಳು ಬೇಕು. 42.195 ಕಿ.ಮೀ. ಪೂರ್ತಿ ಮ್ಯಾರಥಾನ್ ಮೊದಲ ವರ್ಷ ಯಾರೂ ಓಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಬೇಸಿಗೆ ಓಟಕ್ಕೋ ಮಂಗಳೂರಿನ ಸೆಕೆಗೋ ಹೋಗುವವರು ಎರಡು ವಾರ ಮುಂಚಿನಿಂದ ಸ್ವಲ್ಪ ಬಿಸಿಲೇರಿದ ಮೇಲೆ, ಕಡಿಮೆ ಹೊತ್ತು ಓಡಿ ಅಭ್ಯಾಸ ಮಾಡಿಕೊಳ್ಳಲಿ. ಬಿಸಿಲಿಗೆ ಮೈ ಹೊಂದಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮಡಿಕೇರಿ ಚಳಿಯಲ್ಲಿ ಓಡಿದ ವೇಗವನ್ನು ಅಲ್ಲಿ ಹುಡುಕಬೇಡಿ.

ಒಂದು ವರ್ಷ ದಾಟಿದ ಮೇಲೆ ಸೀಟಿ ಇನ್ನೊಬ್ಬರ ಕೈಗೆ ಹೋಗಬೇಕು. ಎಲ್ಲರಿಗಿಂತ ಜೋರಾಗಿ ಓಡುವವರನ್ನು ಆರಿಸಬೇಡಿ. ಓಡುತ್ತ ಓಡುತ್ತ ಹಿಂದೆ ತಿರುಗಿ ನೋಡುವವರು ಯಾರು ಅಂತ ಗಮನಿಸಿ, ಅವರಿಗೆ ಕೊಡಿ. ಮೊದಲು ಮಂಗಳವಾರದ ಜವಾಬ್ದಾರಿ, ಆಮೇಲೆ ಗುರುವಾರದ್ದು. ನೋಟ್‌ಬುಕ್ಕೂ ಅವರ ಹತ್ತಿರವೇ ಇರಲಿ. ತಿಂಗಳಿಗೊಂದು ಭಾನುವಾರ ನೀವು ಊರಲ್ಲಿದ್ದರೂ ಹೋಗಬೇಡಿ. ಸಂಜೆ ಫೋನ್ ಮಾಡಿ, ಇವತ್ತು ಕೊನೆಯವರು ಯಾರು, ಅವರ ಜೊತೆ ಯಾರಿದ್ದರು, ಎಷ್ಟು ಹೊತ್ತಿಗೆ ಮನೆ ಸೇರಿದರು ಅಂತ ಕೇಳಿ. ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಭಾನುವಾರವನ್ನೂ ಅವರಿಗೇ ಬಿಡಬಹುದು.